ನಮ್ಮ ಕಾಲದಲ್ಲಿ ಇಂಥ ಮಕ್ಕಳು ಇರಲಿಲ್ಲವೆ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ದೂರವಾಣಿ ಮಾಡಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ ಏಳು ವರುಷ, ಕಿರಿಯವನಿಗೆ ಮೂರೂವರೆ. ಕಿರಿಯವನು ಇನ್ನೂ ಮಾತಾಡುತ್ತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಚಕ್ಕಡಿಯ ಗೊಂಬೆಯನ್ನು ಬೋರಲು ಹಾಕಿ ಗಾಲಿಯನ್ನು ತಾಸುಗಟ್ಟಲೆ ತಿರುಗಿಸುತ್ತಾನೆ. ವೈದ್ಯರು ಪರೀಕ್ಷಿಸಿ 'ಆಟಿಸಂ' ಎಂದರಂತೆ. ಅದನ್ನೆಲ್ಲ ಹೇಳಿ ಆತ ಕೊನೆಗೆ ಕೇಳಿದ: "ಸರ, ನಮ್ಮ ಕಾಲದಾಗ ಇಂಥಾ ಹುಡುಗರು ಇರಲೇ ಇಲ್ಲಲ್ಲರಿ? ಈಗ ಎಲ್ಲಿಂದ ಬಂದ್ರು?"

"ಇದ್ದರಪ್ಪಾ, ನಮ್ಮ ಮನಿಯೊಳಗs ಒಬ್ಬ ಇದ್ದ" ಎಂದಷ್ಟೇ ಹೇಳಿದೆ. ಉಳಿದುದನ್ನು ದೂರವಾಣಿಯಲ್ಲಿ ಹೇಳಲಾಗಲಿಲ್ಲ. ಅದಕ್ಕೆಂದೇ ಈ ಬರಹ. ಇದರಲ್ಲಿ ಅರ್ಧ ಇತಿಹಾಸ, ಇನ್ನರ್ಧ ನನ್ನ ತಪ್ಪೊಪ್ಪಿಗೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆದರೂ ಹೆಸರುಗಳನ್ನು ಬರೆಯುವುದಿಲ್ಲ.

ನನ್ನ ಹಿರಿಯಕ್ಕನನ್ನು ಅನಗವಾಡಿಗೆ ಕೊಟ್ಟಿತ್ತು. ಆಗ ಅದು ವಿಜಾಪುರ ಜಿಲ್ಲೆಯ ಬೀಳಗಿ ತಾಲೂಕಿನ ಊರು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಘಟಪ್ರಭೆಯ ದಂಡೆ, ಹೊಳೆಯ ಮೇಲೊಂದು ಸೇತುವೆ, ಆ ಸೇತುವೆ ದಾಟಿ ಹುಬ್ಬಳ್ಳಿಯಿಂದ ವಿಜಾಪುರಕ್ಕೂ ಸೊಲ್ಲಾಪುರಕ್ಕೂ ಹೋಗುವ ಬಸ್ಸುಗಳು. ಅಕ್ಕನಿಗೆ ಮೂವರು ಗಂಡುಮಕ್ಕಳು: 1967ರಲ್ಲಿ ಒಬ್ಬ, 1971ರಲ್ಲಿ ಒಬ್ಬ, 1974ರಲ್ಲಿ ಒಬ್ಬ. "ಮೂರು ಗಂಡು ಹಡದಾಳ, ಆಕಿಗೇನ ಕಡಿಮಿ" ಎಂದು ಓಣಿಯ ಹೆಂಗಸರು ಹೇಳುತ್ತಿದ್ದ ಕಾಲ. ನಾನು 1975ರಲ್ಲಿ ಸಮೀಪದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ವರ್ಗವಾಗಿ ಬಂದು ಅಕ್ಕನ ಮನೆಯಲ್ಲಿಯೇ ಉಳಿದೆ. ಹಾಗಾಗಿ ಆ ಮನೆಯ ನಿತ್ಯಜೀವನ ನನಗೆ ಚೆನ್ನಾಗಿ ಗೊತ್ತು.

ನಡುವಿನವನು ನೋಡಲು ಲಕ್ಷಣವಾದ ಹುಡುಗ. ನಾಲ್ಕು ವರುಷವಾದರೂ ಅವನ ಬಾಯಿಂದ "ಅವ್ವಾ" ಎಂಬ ಮಾತು ಬಂದಿರಲಿಲ್ಲ. ಐದನೆಯ ವರುಷದಲ್ಲಿ ಒಮ್ಮೆಗೇ ಮಾತು ಬಂತು. ಆದರೆ ಅದು ಅವನ ಮಾತಾಗಿರಲಿಲ್ಲ. ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯ ಉದ್ಘೋಷಕರು ಹೇಳುತ್ತಿದ್ದುದನ್ನು ಅದೇ ಧಾಟಿಯಲ್ಲಿ, ಅದೇ ಏರಿಳಿತದಲ್ಲಿ, ಅಟ್ಟದ ಕಂಬಕ್ಕೆ ಮುಖ ಮಾಡಿ ಒಪ್ಪಿಸುತ್ತಿದ್ದ. ಮನೆಯವರಿಗೆ ಹಿಗ್ಗು. ಆದರೆ ಹಸಿವಾದರೆ "ಹಸಿವು" ಎನ್ನಲು ಅವನಿಗೆ ಬರುತ್ತಿರಲಿಲ್ಲ. ಅಕ್ಕನ ಸೆರಗು ಹಿಡಿದು ಒಲೆಯ ಮುಂದೆ ಎಳೆದೊಯ್ದು ನಿಲ್ಲಿಸುತ್ತಿದ್ದ.

ರೊಟ್ಟಿ ಮುರಿದಿದ್ದರೆ ಮುಟ್ಟುತ್ತಿರಲಿಲ್ಲ. ದುಂಡಗೆ, ಬಿಸಿಯಾಗಿ, ಇಡಿಯಾಗಿ ಇರಬೇಕು. ಶೇಂಗಾ ಚಟ್ನಿ ತಾಟಿನ ಒಂದು ಅಂಚಿಗೆ, ಮೊಸರು ಇನ್ನೊಂದು ಅಂಚಿಗೆ, ಒಂದಕ್ಕೊಂದು ತಾಗಬಾರದು. ತಾಗಿದರೆ ಅಂದಿನ ಊಟ ಮುಗಿದಂತೆ. ಹುಣಸೆಬೀಜಗಳನ್ನು ಪಡಸಾಲೆಯ ಉದ್ದಕ್ಕೂ ಸಾಲಾಗಿ ಜೋಡಿಸುತ್ತಿದ್ದ. ತಮ್ಮ ಅಂಬೆಗಾಲಿಟ್ಟು ಬಂದು ಒಂದು ಬೀಜ ಸರಿಸಿದರೆ ಸಾಕು, ತಾಸು ಹೊತ್ತು ತಲೆ ತಲೆ ಬಡಿದುಕೊಂಡು ಅಳುತ್ತಿದ್ದ. ಬಾಗಲಕೋಟೆ ಸೀಮೆಯ ಹೋಳಿಯೆಂದರೆ ಹಲಗೆಯ ಸಪ್ಪಳವೆಂಬುದು ನಿಮಗೆ ಗೊತ್ತೇ ಇದೆ. ಆ ದಿನಗಳಲ್ಲಿ ಅವನು ಎರಡೂ ಕಿವಿ ಮುಚ್ಚಿಕೊಂಡು ಜೋಳದ ಚೀಲಗಳ ಸಂದಿಯಲ್ಲಿ ಅಡಗುತ್ತಿದ್ದ. ಅಕ್ಕ ಹಬ್ಬದ ಹೋಳಿಗೆಯನ್ನು ಬುತ್ತಿ ಕಟ್ಟಿಕೊಂಡು ಅವನನ್ನು ಹೊಳೆದಂಡೆಯ ಹೊಲದ ಗುಡಿಸಲಿಗೆ ಕರೆದೊಯ್ದು, ಹಲಗೆ ನಿಲ್ಲುವತನಕ ಅಲ್ಲಿಯೇ ಇರುತ್ತಿದ್ದಳು. ಹೀಗೆ ಎಷ್ಟು ಹೋಳಿಗಳನ್ನು ಆಕೆ ಊರ ಹೊರಗೆ ಕಳೆದಳೋ ಲೆಕ್ಕವಿಲ್ಲ.

ಊರು ಅವನನ್ನು ಒಂದೊಂದು ಕಾಲಕ್ಕೆ ಒಂದೊಂದು ಹೆಸರಿನಿಂದ ಕರೆಯಿತು. ಮೊದಲು ಮೂಗ, ಮಾತು ಬಂದ ಮೇಲೆ ಅರೆಹುಚ್ಚ, ಸಿಟ್ಟಿಗೆದ್ದಾಗ ಗಾಳಿ ಸೋಕಿದವ. ಅಕ್ಕ ಗುಡಿಗಳಿಗೆ ಹರಕೆ ಹೊತ್ತಳು, ದರ್ಗಾದಿಂದ ತಾಯಿತ ತಂದಳು, ಗಿಡಮೂಲಿಕೆಯ ಔಷಧ ಕುಡಿಸಿದಳು. ಎಲ್ಲಕ್ಕಿಂತ ಹೆಚ್ಚು ಆಕೆಯನ್ನು ನೋಯಿಸಿದ್ದು, ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಕೂಸಿಗೆ ಸರಿಯಾಗಿ ಮಾತಾಡಿಸಲಿಲ್ಲ, ಹೊಲದ ಕೆಲಸದಲ್ಲಿ ಮಗನನ್ನು ಮರೆತಳು ಎಂಬ ಮಾತುಗಳು. ಮಗುವಿನ ದೋಷವೆಲ್ಲ ತಾಯಿಯ ಮೇಲೆ ಬರುವುದು ಹಳ್ಳಿಯ ಅಜ್ಞಾನದಿಂದ ಎಂದು ನಾನು ಬಹುಕಾಲ ನಂಬಿದ್ದೆ. ನಿವೃತ್ತನಾದ ಮೇಲೆ ಈ ವಿಷಯವನ್ನು ಓದತೊಡಗಿದಾಗ ಗೊತ್ತಾಯಿತು: ಅಮೆರಿಕೆಯ ದೊಡ್ಡ ದೊಡ್ಡ ವಿದ್ವಾಂಸರೂ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಆ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವೆ. 'ಆಟಿಸಂ' ಎಂಬ ಪದವನ್ನು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದ. ಗ್ರೀಕ್ ಭಾಷೆಯ 'ಆಟೋಸ್' ಎಂದರೆ 'ತಾನು'. ಕನ್ನಡದಲ್ಲಿ ಅದನ್ನೇ 'ಸ್ವಲೀನತೆ' ಎಂದರು. ಆದರೆ ಬ್ಲಾಯ್ಲರ್ ಅದನ್ನು ಬಳಸಿದ್ದು ದೊಡ್ಡವರ ಮನೋರೋಗವೊಂದರ ಲಕ್ಷಣವನ್ನು ಸೂಚಿಸಲು. ಮಕ್ಕಳಲ್ಲಿ ಕಾಣುವ ಈ ಸ್ಥಿತಿಯನ್ನು ಪ್ರತ್ಯೇಕವಾಗಿ ವಿವರಿಸಿ ಪ್ರಸಿದ್ಧವಾದ ಪ್ರಬಂಧವನ್ನು 1943ರಲ್ಲಿ ಬರೆದವನು ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್. ಅದರಲ್ಲಿ ಹನ್ನೊಂದು ಮಕ್ಕಳ ವಿವರಗಳಿವೆ: ಎಂಟು ಗಂಡು, ಮೂರು ಹೆಣ್ಣು. ಮರುವರ್ಷವೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಕೂಡ ಇಂಥದೇ ಹುಡುಗರ ಬಗೆಗೆ ಬರೆದ. ಕ್ಯಾನರನ ಪ್ರಬಂಧದ ವಿವರಗಳನ್ನು ಓದುವಾಗ ನನ್ನ ಮೈ ಜುಮ್ಮೆಂದಿತು. ಕೇಳಿದ ಮಾತನ್ನೇ ಹಾಗೆಯೇ ಒಪ್ಪಿಸುವುದು, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಟ, ಗಟ್ಟಿ ಸಪ್ಪಳಕ್ಕೆ ಅಂಜಿಕೆ, ತಿರುಗುವ ವಸ್ತುಗಳ ಮೋಹ. ನಮ್ಮ ಪಡಸಾಲೆಯನ್ನೇ ಯಾರೋ ಇಣುಕಿ ನೋಡಿ ಬರೆದಂತಿತ್ತು.

ಆದರೆ ಆ ತಂದೆತಾಯಿಗಳಲ್ಲಿ ಅನೇಕರು ಮಮತೆಯ ಬಿಸುಪಿಲ್ಲದವರು ಎಂಬ ಮಾತನ್ನೂ ಕ್ಯಾನರ್ ಬರೆದಿದ್ದ. ಮುಂದೆ ಅದೇ ಬೆಳೆದು, ತಾಯಿ ಶೀತಲ ಪೆಟ್ಟಿಗೆಯಂತೆ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂಬ ವಾದವಾಯಿತು. ಬ್ರೂನೋ ಬೆಟಲ್‌ಹೈಮ್ ಎಂಬವನು 1967ರಲ್ಲಿ ಅದನ್ನೇ ದೊಡ್ಡ ಪುಸ್ತಕವನ್ನಾಗಿ ಬರೆದು ಹೆಸರು ಮಾಡಿದ. ಎಷ್ಟೋ ತಾಯಂದಿರು ತಾವೇ ಮಕ್ಕಳನ್ನು ಕೆಡಿಸಿದೆವೆಂದು ಕೊರಗಿದರು. ಇದನ್ನು ಎದುರಿಸಿದವರು ಮುಖ್ಯವಾಗಿ ಇಂಥ ಮಕ್ಕಳ ಹೆತ್ತವರೇ. ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞ, ಜೊತೆಗೆ ಇಂಥ ಮಗನ ತಂದೆ. 1964ರಲ್ಲಿ ಆತ ಪುಸ್ತಕ ಬರೆದು, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ತಾಯಿಯ ಮಮತೆಗಲ್ಲ ಎಂದು ವಾದಿಸಿದ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಅವಳಿ ಮಕ್ಕಳನ್ನು ಅಭ್ಯಸಿಸಿ ಅನುವಂಶೀಯತೆಯ ಪಾತ್ರವನ್ನು ತೋರಿಸಿದರು. ಇಂಗ್ಲೆಂಡಿನ ಲೋರ್ನಾ ವಿಂಗ್ ಮನೋವೈದ್ಯೆ, ಇಂಥ ಮಗಳ ತಾಯಿ. ಇದು ಒಂದೇ ಅಚ್ಚಿನದಲ್ಲ, ತೀವ್ರತೆಯಲ್ಲೂ ರೂಪದಲ್ಲೂ ನಾನಾ ಬಗೆಯದು ಎಂಬ ಇಂದಿನ ತಿಳುವಳಿಕೆಗೆ ಆಕೆಯ ಕೆಲಸವೇ ಆಧಾರ. ಲಸಿಕೆಯಿಂದ ಇದು ಬರುತ್ತದೆಂಬ ಮಾತು 1998ರ ಒಂದು ಪ್ರಬಂಧದಿಂದ ಹಬ್ಬಿತು. ಆ ಪ್ರಬಂಧವನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಪುಣೆಯ ನನ್ನ ಶಿಷ್ಯನ ಹೆಂಡತಿ ಇದನ್ನು ಗಮನವಿಟ್ಟು ಓದಬೇಕು: ತಂಗಿ, ಇದು ನಿನ್ನ ತಪ್ಪಲ್ಲ, ನೀನು ಹಾಕಿಸಿದ ಲಸಿಕೆಯ ತಪ್ಪೂ ಅಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. 1977ರ ಜೂನ್ ತಿಂಗಳಲ್ಲಿ, ಅಳಿಯನಿಗೆ ಆರು ವರುಷವಾದಾಗ, ಅವನನ್ನು ನನ್ನ ಶಾಲೆಗೇ ಸೇರಿಸಿಕೊಂಡೆ. ಸೈಕಲ್ಲಿನ ಮುಂದಿನ ಕೊಳವೆಗೆ ಟವೆಲ್ಲು ಸುತ್ತಿ ಅವನನ್ನು ಕೂಡಿಸಿಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಬಸ್ಸು ಎದುರಾದರೆ ಫಲಕ ನೋಡಿ, ಅದು ಎಲ್ಲಿಂದ ಎಲ್ಲಿಗೆ ಹೋಗುವ ಬಸ್ಸೆಂದು ಹೇಳುತ್ತಿದ್ದ. ಯಾರೂ ಅಕ್ಷರ ಕಲಿಸಿರಲಿಲ್ಲ. ಫಲಕ ನೋಡಿ ನೋಡಿಯೇ ಕಲಿತಿದ್ದ. ಅದನ್ನು ಕಂಡೂ ನನಗೆ ಕಣ್ಣು ತೆರೆಯಲಿಲ್ಲ.

ಆಗ ಮಧ್ಯಾಹ್ನದ ಕೊನೆಯ ತಾಸಿಗೆ ಎಲ್ಲ ಮಕ್ಕಳೂ ಒಟ್ಟಾಗಿ ಮಗ್ಗಿ ಹೇಳುವ ರೂಢಿ. ನಿಮ್ಮಲ್ಲಿ ಅನೇಕರು ಹಾಗೆ ಕೂಗಿ ಕಲಿತವರೇ. ತಗಡಿನ ಕೆಳಗೆ ಅರವತ್ತು ಮಕ್ಕಳ ದನಿ. ಅವನು ಕಿವಿ ಮುಚ್ಚಿಕೊಂಡು ಚೀರುತ್ತಿದ್ದ, ಬಾಗಿಲಿಗೆ ಓಡುತ್ತಿದ್ದ. ನಾನು ಅದನ್ನು ಹಟವೆಂದು ತಿಳಿದೆ. ಒಂದು ದಿನ ಮಕ್ಕಳೆಲ್ಲರ ಎದುರಿಗೆ ಛಡಿಯಿಂದ ಅವನ ಅಂಗೈ ಮೇಲೆ ಹೊಡೆದೆ. ಅವನು ಅಳಲಿಲ್ಲ. ಹೊಡೆತ ತಿಂದ ಕೈಯನ್ನು ಮತ್ತೆ ಕಿವಿಯ ಮೇಲೆ ಇಟ್ಟುಕೊಂಡ. ಅಂದರೆ ಛಡಿಯ ನೋವಿಗಿಂತ ಆ ಸಪ್ಪಳದ ನೋವೇ ಅವನಿಗೆ ದೊಡ್ಡದಾಗಿತ್ತು. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಮೂವತ್ತು ವರುಷ ಹಿಡಿಯಿತು. ಎರಡು ತಿಂಗಳ ಮೇಲೆ ತಪಾಸಣೆಗೆ ಸಾಹೇಬರು ಬರುವವರಿದ್ದರು. ನನಗೆ ನನ್ನ ಹೆಸರಿನ ಚಿಂತೆ. ಅಂದು ರಾತ್ರಿ ಅಕ್ಕನಿಗೆ, "ಇವ ಕಲಿಯೂ ಪೈಕಿ ಅಲ್ಲವ್ವಾ, ಮನ್ಯಾಗ ಇರಲಿ" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ನಿನ್ನ ಸಾಲ್ಯಾಗ ಅವಗ ಒಂದು ಮೂಲಿ ಸಿಗಲಿಲ್ಲೇನೋ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವನ ಹೆಸರು ಹಾಜರಿ ಪುಸ್ತಕದಿಂದ ಹೋಯಿತು.

ಕ್ಯಾನರನ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್, 1933ರಲ್ಲಿ ಹುಟ್ಟಿದವನು. ಒಂಬತ್ತು ವರುಷದವನಿದ್ದಾಗ ಅವನನ್ನು ಸಮೀಪದ ಒಕ್ಕಲುತನದ ದಂಪತಿಗಳ ಮನೆಯಲ್ಲಿ ಬಿಟ್ಟಿದ್ದರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿದ. ಹುಡುಗನಿಗೆ ಅಳೆಯುವ ಗೀಳು, ಅದಕ್ಕೆ ಅವರು ಬಾವಿ ತೋಡುವ ಕೆಲಸಕ್ಕೆ ಹಚ್ಚಿ ಅದರ ಆಳವನ್ನು ಅಳೆದು ಹೇಳಲು ಬಿಟ್ಟಿದ್ದರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುವ ಗೀಳು, ಅದಕ್ಕೆ ಕೈಗೆ ನೇಗಿಲು ಕೊಟ್ಟು ಉಳುತ್ತ ಎಣಿಸಲು ಹೇಳಿದ್ದರು. ಕ್ಯಾನರನ ಕಣ್ಣೆದುರಿಗೇ ಅವನು ಕುದುರೆ ಕಟ್ಟಿದ ನೇಗಿಲಿನಿಂದ ಆರು ಸಾಲು ಹೊಡೆದ. ಅಲ್ಲಿನ ಹಳ್ಳಿಯ ಶಾಲೆ ಅವನ ವಿಚಿತ್ರಗಳನ್ನು ಸಹಿಸಿಕೊಂಡು ಕಲಿಸುತ್ತಿತ್ತು. ಮುಂದೆ ಡೊನಾಲ್ಡ್ ಪದವೀಧರನಾದ, ಊರ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದ, 2023ರಲ್ಲಿ ತೀರಿಕೊಂಡ. ಆ ದಂಪತಿಗಳಿಗೆ ಶಾಸ್ತ್ರ ಗೊತ್ತಿರಲಿಲ್ಲ, ಆ ಹಳ್ಳಿಯ ಮಾಸ್ತರರಿಗೂ ಗೊತ್ತಿರಲಿಲ್ಲ. ಹಾಗಾದರೆ 'ನನಗೆ ಗೊತ್ತಿರಲಿಲ್ಲ' ಎಂಬ ನನ್ನ ನೆಪಕ್ಕೆ ಏನು ಬೆಲೆ?

ಎಲ್ಲ ಮನೆಗಳಿಗೂ ಬ್ಯಾಂಕಿನ ಒಡೆತನವಿದ್ದ ಡೊನಾಲ್ಡನ ತಾಯಿಯ ಮನೆತನದ ಅನುಕೂಲ ಇರುವುದಿಲ್ಲ, ನಿಜ. ನಮ್ಮ ಅಕ್ಕನ ಗಂಡನಿಗೆ ನಾಲ್ಕು ಎಕರೆ ಹೊಲ. ಆದರೂ ಮನೆಯವರು ತಮಗೆ ತಿಳಿದಂತೆ ದಾರಿ ಕಂಡುಕೊಂಡರು. ಮಾವ ಅವನಿಗೆ ಎತ್ತುಗಳಿಗೆ ಮೇವು ಹಾಕುವ ಕೆಲಸ ಕೊಟ್ಟ. ಹೊತ್ತು ತಪ್ಪುವ ಮಾತೇ ಇಲ್ಲ. ತಾನು ಉಣ್ಣದಿದ್ದರೂ ಅವಕ್ಕೆ ಹಾಕುತ್ತಿದ್ದ. ಕಿರಿಯ ತಮ್ಮನೇ ಅವನ ಮೇಷ್ಟ್ರಾದ. ಆಣೆ ಪೈಸೆಯ ಲೆಕ್ಕ, ಧೋತರದ ಗಂಟು, ಬಾವಿಕಟ್ಟೆಯ ಮೇಲೆ ಹತ್ತಬಾರದೆಂಬ ನಿಯಮ, ಎಲ್ಲವನ್ನೂ ಸಾವಿರ ಸಲ ಹೇಳಿ ಕಲಿಸಿದ. ಹಿರಿಯವನ ಪಾಡು ಬೇರೆ. ಓಣಿಯ ಹುಡುಗರು "ಹುಚ್ಚನ ಅಣ್ಣ" ಎಂದಾಗಲೆಲ್ಲ ಹೊಡೆದಾಡಿ ಬರುತ್ತಿದ್ದ, ಮನೆಗೆ ಬಂದು ಆ ಸಿಟ್ಟನ್ನು ತಮ್ಮನ ಮೇಲೆಯೇ ತೀರಿಸುತ್ತಿದ್ದ. "ಆ ಮನ್ಯಾಗ ಅಂಥಾವ ಒಬ್ಬ ಅದಾನ" ಎಂಬ ಕಾರಣಕ್ಕೆ ಅವನಿಗೆ ಎರಡು ಸಂಬಂಧ ತಪ್ಪಿಹೋದವು. ಇಂಥ ಮನೆಯಲ್ಲಿ ಉಳಿದ ಮಕ್ಕಳೂ ಬೇಗ ದೊಡ್ಡವರಾಗುತ್ತಾರೆ. ಅವರ ಕಡೆಗೂ ಒಂದು ಕಣ್ಣಿರಬೇಕೆಂದು ಅಂದು ನಮಗೆ ಹೊಳೆಯಲಿಲ್ಲ.

ಆಗ ನಮ್ಮ ರಾಜ್ಯದಲ್ಲಿ ಏನೂ ಇರಲಿಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೇ ಆರಂಭವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ 1974ರ ಕೊನೆಯಲ್ಲಿ ರೂಪುಗೊಂಡಿತ್ತು. ಆದರೆ ಅನಗವಾಡಿಯ ಒಕ್ಕಲಿಗನೊಬ್ಬನಿಗೆ ಮೈಸೂರೆಂದರೆ ದಸರೆಯ ಊರು, ಅಷ್ಟೇ. ದೆಹಲಿಯಲ್ಲಿ ಇಂಥ ಮಗನ ತಾಯಿಯಾದ ಮೆರಿ ಬರುವಾ ಅವರು 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆ ಕಟ್ಟಿದ್ದು 1991ರಲ್ಲಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಆಟಿಸಂ ಅದರಲ್ಲಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆ ಹೆಸರು ಬಂತು. 2016ರ ಕಾಯ್ದೆ ಇಪ್ಪತ್ತೊಂದು ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ನನ್ನ ಅಳಿಯನ ಬಾಲ್ಯ, ಯೌವನಗಳೆರಡೂ ಕಾನೂನಿನ ಕಣ್ಣಿಗೆ ಬೀಳದೆಯೇ ಮುಗಿದಿದ್ದವು. ಧಾರವಾಡದಲ್ಲಿ ಒಬ್ಬ ವೈದ್ಯರು ಅವನನ್ನು ನೋಡಿ ಆಟಿಸಂ ಎಂಬ ಪದವನ್ನು ಹೇಳಿದ್ದು 2003ರಲ್ಲಿ, ಅವನಿಗೆ ಮೂವತ್ತೆರಡು ವರುಷ. ಅಕ್ಕ ಆ ಪದವನ್ನು ಉಚ್ಚರಿಸಲಾರದೆ ಹೋದಳು. ಆದರೆ "ತಾಯಿಯ ತಪ್ಪೇನೂ ಇಲ್ಲ" ಎಂದು ವೈದ್ಯರು ಹೇಳಿದ ಮಾತನ್ನು ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಷ್ಟರಲ್ಲಿ ಇನ್ನೊಂದು ಕಷ್ಟ ಬಂದಿತ್ತು. 1964ರಲ್ಲಿ ಶಾಸ್ತ್ರೀಜಿಯವರು ಅಡಿಗಲ್ಲು ಹಾಕಿದ ಆಲಮಟ್ಟಿಯ ಅಣೆಕಟ್ಟು ಎದ್ದು ನಿಂತು, 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್ ಮಟ್ಟಕ್ಕೆ ಒಪ್ಪಿದ ಮೇಲೆ ಹಿನ್ನೀರು ಘಟಪ್ರಭೆಯ ದಂಡೆಗುಂಟ ಮೇಲೇರಿತು. ಅಕ್ಕನ ಹೊಳೆಸಾಲಿನ ಹೊಲ, ಹೋಳಿಯ ದಿನಗಳಲ್ಲಿ ಅವರು ಅಡಗುತ್ತಿದ್ದ ಗುಡಿಸಲು, ಬದುವಿನ ಬೇವಿನ ಗಿಡ ಎಲ್ಲ ನೀರಿಗೆ ಹೋದವು. ಪರಿಹಾರದ ಲೆಕ್ಕದಲ್ಲಿ ಗಿಡಕ್ಕೂ ಬೆಲೆ ಕಟ್ಟಿದ್ದರು. ಆದರೆ ಇಪ್ಪತ್ತೈದು ವರುಷ ಸಂಜೆ ಐದಕ್ಕೆ ತಪ್ಪದೆ ಅದೇ ಗಿಡದ ಬುಡಕ್ಕೆ ಹೋಗಿ ಕೂಡುತ್ತಿದ್ದವನಿಗೆ ಅದು ಏನೆಂಬುದಕ್ಕೆ ಯಾವ ನಮೂನೆಯಲ್ಲೂ ಅಂಕಣವಿರಲಿಲ್ಲ. ಅವನು ದಿನವೂ ನೀರಿನ ಅಂಚಿಗೆ ಹೋಗಿ ನಿಂತು ಕೂಗುತ್ತಿದ್ದ. ಊಟ ಬಿಟ್ಟ, ನಿದ್ದೆ ಬಿಟ್ಟ. ಕೊನೆಗೆ ಕಿರಿಯ ತಮ್ಮ ಒಂದು ಉಪಾಯ ಮಾಡಿದ. ಅದೇ ಹೊತ್ತಿಗೆ ಅವನ ಕೈಹಿಡಿದು ಹೆದ್ದಾರಿಯ ಬದಿಗೆ ಕರೆದೊಯ್ದು ಬಸ್ಸುಗಳನ್ನು ತೋರಿಸತೊಡಗಿದ. ಆರು ತಿಂಗಳು ಬೇಕಾಯಿತು. ಹೊಲಕ್ಕೆ ಹೋಗುತ್ತಿದ್ದ ಕಾಲುಗಳು ನಿಧಾನವಾಗಿ ರಸ್ತೆಗೆ ಒಗ್ಗಿದವು.

ಇಂಥ ಮಕ್ಕಳ ಹೆತ್ತವರ ಎದೆಯಲ್ಲಿ ಕಡೆಯವರೆಗೂ ಉಳಿಯುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು? ಅಕ್ಕನೂ ಅದನ್ನೇ ಕೇಳುತ್ತಿದ್ದಳು. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು, ವಯಸ್ಕ ಮಗನಿಗೆ ಕಾನೂನುಬದ್ಧ ಪಾಲಕನನ್ನು ನೇಮಿಸಿಕೊಳ್ಳಬಹುದು. ನಿವೃತ್ತಿಯ ನಂತರ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಆ ಅರ್ಜಿಯ ಹಿಂದೆ ತಿರುಗಾಡಿದ್ದು. ಕಿರಿಯ ತಮ್ಮ ಪಾಲಕನಾದ. ಕಾಗದವನ್ನು ಅಕ್ಕ ದೇವರ ಜಗುಲಿಯ ಮೇಲೆ ಇಟ್ಟಳು. 2018ರಲ್ಲಿ ಆಕೆ ತೀರಿಕೊಂಡಳು.

ಈಗ ನನ್ನ ಶಿಷ್ಯನ ಪ್ರಶ್ನೆಗೆ ನೇರ ಉತ್ತರ. ನೂರಕ್ಕೆ ಒಂದು ಮಗುವಿನಲ್ಲಿ ಇದು ಇರುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದ್ದ ಸರಾಸರಿ ಅಂದಾಜು. ಮೂವತ್ತೇಳು ವರುಷದ ನನ್ನ ಸೇವೆಯಲ್ಲಿ ಸುಮಾರು ಒಂದೂವರೆ ಸಾವಿರ ಮಕ್ಕಳು ನನ್ನ ಕೈಕೆಳಗೆ ಕಲಿತಿರಬಹುದು. ಹಾಗಾದರೆ ಹದಿನೈದು ಮಕ್ಕಳು. ಅವರಲ್ಲಿ ಕೆಲವರನ್ನು ದಡ್ಡರೆಂದೆ, ಕೆಲವರನ್ನು ಹಟಮಾರಿಗಳೆಂದೆ. ಇನ್ನು ಕೆಲವರು ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ನಮ್ಮ ಕಾಲದಲ್ಲಿ ಇಂಥ ಮಕ್ಕಳು ಇದ್ದರು, ಅವರನ್ನು ಕಾಣುವ ಕಣ್ಣು ನಮಗಿರಲಿಲ್ಲ.

ನಿನ್ನ ಮಗನ ಕಾಲ ಬೇರೆ. ಮೂರೂವರೆಯಲ್ಲಿಯೇ ಗೊತ್ತಾಗಿದೆ, ನಮ್ಮವನಿಗೆ ಮೂವತ್ತೆರಡರಲ್ಲಿ ಗೊತ್ತಾಯಿತು. ಮಾತಿನ ತರಬೇತಿ, ದೈನಂದಿನ ಕೆಲಸಗಳ ತರಬೇತಿಗಳನ್ನು ತಡಮಾಡದೆ ಆರಂಭಿಸು. ಗುಣಪಡಿಸುತ್ತೇವೆಂದು ಹಣ ಕೇಳುವವರನ್ನು ದೂರವಿಡು. ಇದು ಜ್ವರದಂತೆ ಇಳಿದುಹೋಗುವುದಲ್ಲ. ಅಂಗವೈಕಲ್ಯದ ಗುರುತಿನ ಚೀಟಿ ಮಾಡಿಸು, ನಾಚಿಕೆ ಬೇಡ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆಯ ಬಗೆಗೆ ವಿಚಾರಿಸು. ಹಿರಿಯ ಮಗನನ್ನು ದಿನಕ್ಕೊಮ್ಮೆಯಾದರೂ ಅವನೊಬ್ಬನನ್ನೇ ತೊಡೆಯ ಮೇಲೆ ಕೂಡಿಸಿಕೊಂಡು ಮಾತಾಡಿಸು. ಕಿರಿಯವನು ಗಾಲಿ ತಿರುಗಿಸಿದರೆ ಕಸಿದುಕೊಳ್ಳಬೇಡ, ಪಕ್ಕದಲ್ಲಿ ಕುಳಿತು ನೀನೂ ಒಂದು ಗಾಲಿ ತಿರುಗಿಸು. ಅವನ ಲೋಕಕ್ಕೆ ಅದೇ ಬಾಗಿಲು.

ನನ್ನ ಶಿಷ್ಯರಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ನಿಮ್ಮ ತಾಲೂಕಿನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ, ಕಾಯ್ದೆಯೂ ನಿಮ್ಮ ಬೆಂಬಲಕ್ಕಿದೆ. ಕಿವಿ ಮುಚ್ಚಿಕೊಳ್ಳುವ ಮಗು ನಿಮ್ಮ ವರ್ಗಕ್ಕೆ ಬಂದರೆ ಛಡಿ ಹುಡುಕಬೇಡಿ, ಕಿಟಕಿಯ ಪಕ್ಕ ಸದ್ದಿಲ್ಲದ ಒಂದು ಮೂಲೆ ಹುಡುಕಿ. ನಾನು ನನ್ನ ಅಕ್ಕನಿಗೆ ಕೊಡಲಾರದ ಉತ್ತರ ಅದೇ.

ಹೋದ ಅಮಾವಾಸ್ಯೆಗೆ ಅನಗವಾಡಿಗೆ ಹೋಗಿದ್ದೆ. ಅಳಿಯನಿಗೆ ಈಗ ಐವತ್ತು ದಾಟಿದೆ, ಗಡ್ಡ ನೆರೆತಿದೆ. ಸಂಜೆ ಐದಕ್ಕೆ ಅವನೊಂದಿಗೆ ಹೆದ್ದಾರಿಯ ಬದಿಗೆ ಹೋಗಿ ಕುಳಿತೆ. ಒಂದು ತಾಸು ಇಬ್ಬರೂ ಮಾತಾಡಲಿಲ್ಲ. ಬಸ್ಸು ಬಂದಾಗಲೆಲ್ಲ ಅವನು ಫಲಕ ಓದಿದ, ನಾನು ಹೂಂಗುಟ್ಟಿದೆ. ಏಳುವಾಗ ನನ್ನ ಮುಖ ನೋಡದೆಯೇ "ಮಾಮಾ, ನಾಳಿ ಐದಕ್ಕ" ಎಂದ. ನಾನು ಅಂದು ಊರಿಗೆ ಮರಳುವವನಿದ್ದೆ. ಹೋಗಲಿಲ್ಲ, ಮರುದಿನವೂ ಉಳಿದೆ.